ಗೈಡು, ಮೋಟಿವೇಶನ್ ಬಿಟ್ಟು ಡಿಗ್ರಿ ಹುಡುಗ್ರು ಏನ್ ಓದ್ಬೇಕು? ಇತಿಹಾಸ, ಸಾಹಿತ್ಯ, ಬಿಸಿನೆಸ್ ಪುಸ್ತಕ ಹೇಳ್ರಿ

ಹಾವೇರಿ_ಬಿಕಾಂ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಬಿಕಾಂ ಐದನೇ ಸೆಮ್ ಓದಾಕತ್ತೀನಿ, ಊರು ಹಾವೇರಿ ಹತ್ರ ಒಂದ್ ಹಳ್ಳಿ. ಕಥಿ ಕಾದಂಬರಿ ಅಲ್ಲ, ನಿಜವಾದ ವಿಷಯ ಇರೋ ಪುಸ್ತಕ ಓದ್ಬೇಕಂತ ಮನಸ್ಸಾಗೇತಿ, ಆದ್ರ ಎಲ್ಲಿಂದ ಶುರು ಮಾಡ್ಬೇಕು ತಿಳೀವಲ್ದು. ನಮ್ಮ ಕಡೆ ಪುಸ್ತಕ ಅಂದ್ರ ಗೈಡು, ಕ್ವೆಶ್ಚನ್ ಬ್ಯಾಂಕು ಅಷ್ಟ. ರೂಮ್‌ಮೇಟ್ ಪಿಎಸ್‌ಐ, ಎಫ್‌ಡಿಎ ಎರಡಕ್ಕೂ ತಯಾರಿ ಮಾಡಾಕತ್ತಾನ, ಅವನ ಹತ್ರ ಇರೋ ಇತಿಹಾಸದ ಪುಸ್ತಕ ತಗದು ನೋಡಿದ್ರ ಯಾವ ರಾಜಗ ಯಾವ ಬಿರುದು, ಯಾವ ಯುದ್ಧ ಯಾವ ಇಸ್ವಿ, ಇಷ್ಟ ಐತಿ, ಯಾಕ ಏನು ಅಂತ ಒಂದ್ ಸಾಲೂ ಇಲ್ಲ. ಇನ್ನ ವಾಟ್ಸಾಪ್‌ನ್ಯಾಗ ಬರೋ ಇತಿಹಾಸ ಅಂತೂ ದಿನಕ್ಕೊಂದು ನಮೂನಿ.

ನಾ ಇಲ್ಲೀಮಟ ಓದಿದ್ದು ಅಂದ್ರ ಯಂಡಮೂರಿ ಅವರ ವಿಜಯಕ್ಕೆ ಐದು ಮೆಟ್ಟಿಲು, ಆಮ್ಯಾಲ ಕನ್ನಡದಾಗ ಬಂದಿರೋ ರಿಚ್ ಡ್ಯಾಡ್ ಪೂರ್ ಡ್ಯಾಡ್. ಓದುವಾಗ ಭಾಳ ಜೋಶ್ ಬರ್ತತಿ, ಆದ್ರ ಮುಗಿದ ಮ್ಯಾಲ ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅನ್ನೋದು ಗೊತ್ತಾಗಂಗಿಲ್ಲ. ನಮ್ಮಪ್ಪಗ ಸ್ವಲ್ಪ ಹೊಲ ಐತಿ, ಅವ್ವ ಡೈರಿಗೆ ಹಾಲು ಹಾಕ್ತಾಳ, ಆಸ್ತಿ ತಗೋ ಬಾಡಿಗಿಗೆ ಕೊಡು ಅಂದ್ರ ಯಾವ ರೊಕ್ಕದಾಗ ತಗೊಳ್ಳೋದು.

ಬಜೆಟ್ 1500 ರೂಪಾಯಿ. ಇಂಗ್ಲಿಷ್ ಓದ್ತೀನಿ ಆದ್ರ ನಿಧಾನ. ಕನ್ನಡದಾಗ ಇದ್ರ ಚಲೋ. ಇತಿಹಾಸ, ಸಾಹಿತ್ಯದ ಬಗ್ಗೆ ತಿಳ್ಕೊಳ್ಳೋ ಪುಸ್ತಕ, ಕೆರಿಯರ್, ಬಿಸಿನೆಸ್, ಯಾವುದಾದ್ರೂ ಸರಿ, ನೀವು ಸ್ವತಃ ಓದಿರೋದನ್ನ ಹೇಳ್ರಿ.

ಓದ್ತಾ_ಇರ್ತೀನಿ

ಬ್ರೋ ಸಿಂಪಲ್. ಅಟಾಮಿಕ್ ಹ್ಯಾಬಿಟ್ಸ್, ಸೈಕಾಲಜಿ ಆಫ್ ಮನಿ, ಥಿಂಕ್ ಅಂಡ್ ಗ್ರೋ ರಿಚ್, ಇತಿಹಾಸಕ್ಕೆ ಸೇಪಿಯನ್ಸ್. ನಾಲ್ಕೂ ಆನ್‌ಲೈನ್ ಆಫರ್ ಬಂದಾಗ ತಗೊಂಡ್ರೆ ನಿನ್ ಬಜೆಟ್ ಒಳಗೇ ಬರುತ್ತೆ. ರಿಚ್ ಡ್ಯಾಡ್ ಆಗ್ಲೇ ಓದಿದೀಯ, ಇನ್ನೊಂದ್ಸಲ ಓದು, ಎರಡನೇ ಸಲ ಅರ್ಥ ಆಗೋದೇ ಬೇರೆ.

ಕಲ್ಲು_ಓದೋನು

ಮೇಲಿನವರದು ಏರ್‌ಪೋರ್ಟ್ ಬುಕ್‌ಸ್ಟಾಲ್ ಲಿಸ್ಟು, ಅದರ ಬಗ್ಗೆ ಬೇರೆಯವರು ಮಾತಾಡ್ಲಿ. ನಾನು ಇತಿಹಾಸ ಮಾತ್ರ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಮೊದಲು ಒಂದು ಅಸ್ಥಿಪಂಜರ ಬೇಕು, ಯಾರಾದ ಮೇಲೆ ಯಾರು ಅಂತ. ಅದಕ್ಕೆ ಸೂರ್ಯನಾಥ ಕಾಮತರ ಕರ್ನಾಟಕದ ಸಂಕ್ಷಿಪ್ತ ಇತಿಹಾಸ ಸಾಕು. ಅವರು ರಾಜ್ಯದ ಗೆಜೆಟಿಯರ್ ಸಂಪಾದಕರಾಗಿದ್ದವರು, ಹಾಗಾಗಿ ಜಿಲ್ಲೆ ಜಿಲ್ಲೆಯ ಮಾಹಿತಿ ಅವರ ಬೆರಳ ತುದೀಲಿತ್ತು. ಒಂದೇ ಗುಕ್ಕಿಗೆ ಓದೋ ಪುಸ್ತಕ ಅಲ್ಲ, ಪಕ್ಕದಲ್ಲಿಟ್ಕೊಂಡು ಆಗಾಗ ತೆಗೆದು ನೋಡೋದು. ನಿಮ್ಮ ರೂಮ್‌ಮೇಟ್‌ಗೂ ಗೈಡಿಗಿಂತ ಇದೇ ಉಪಯೋಗ.

ಆಮೇಲೆ ಓದ್ಲೇಬೇಕಾದ್ದು ಎಂ. ಚಿದಾನಂದಮೂರ್ತಿಗಳ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ. 1966ರಲ್ಲಿ ಬಂದಿದ್ದು, ಅವರ ಪಿಎಚ್‌ಡಿ ಪ್ರಬಂಧ ಅದು. ಪಿಎಚ್‌ಡಿ ಅಂದ ತಕ್ಷಣ ಹೆದರ್ಕೋಬೇಡಿ. ಅದರಲ್ಲಿ ರಾಜರ ಕತೆ ಕಮ್ಮಿ, ಜನ ಏನ್ ಮಾಡ್ತಿದ್ರು ಅನ್ನೋದು ಜಾಸ್ತಿ. ದನ ಹೊಡ್ಕೊಂಡು ಹೋದವರ ಹಿಂದೆ ಓಡಿ ಸತ್ತವನು, ಒಡೆಯ ಸತ್ತಾಗ ತಾನೂ ಪ್ರಾಣ ಬಿಡ್ತೀನಿ ಅಂತ ಭಾಷೆ ಕೊಟ್ಟವನು, ಸಲ್ಲೇಖನ (ಉಪವಾಸ ಮಾಡಿ ಪ್ರಾಣ ಬಿಡೋ ಜೈನ ವ್ರತ) ಮಾಡಿದವರು, ಅಗ್ರಹಾರ, ತೆರಿಗೆ ಎಲ್ಲಾ ಕಲ್ಲಿನ ಮೇಲಿನ ಸಾಲುಗಳಿಂದಾನೇ ಬಿಡಿಸಿ ತೋರಿಸ್ತಾರೆ. ಇದನ್ನ ಓದಿದ ಮೇಲೆ ಊರ ಹೊರಗೆ ನಿಂತಿರೋ ವೀರಗಲ್ಲು ನೋಡೋ ರೀತಿನೇ ಬದಲಾಗುತ್ತೆ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತೆ ನೋಡಿ, ಕೆಳಗೆ ಕಾಳಗ, ಮಧ್ಯ ಅಪ್ಸರೆಯರು ಅವನನ್ನ ಎತ್ಕೊಂಡು ಹೋಗ್ತಿರೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ಕೆಳಗಿಂದ ಮೇಲಕ್ಕೆ ಓದ್ಬೇಕು. ಪಟ್ಟಿಗಳ ನಡುವಿನ ಅಂಚಲ್ಲಿ ಅಕ್ಷರ ಇದ್ರೆ ಅದೃಷ್ಟ, ಅರ್ಧಕ್ಕರ್ಧ ಕಡೆ ಸುಣ್ಣನೋ ಪೇಂಟೋ ಬಳಿದು ಮುಚ್ಚಿರ್ತಾರೆ.

ನೀವು ಹಾವೇರಿಯವರು ಅಂದ್ರಲ್ಲ, ಒಂದು ವಿಷಯ. ಎಲ್ಲರೂ ಶಾಸನ ಅಂದ್ರೆ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ ಅಂತಾರೆ. ಮೈಸೂರಿನ ಶಾಸನ ತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಶುರು ಮಾಡಿ ತಂದ ಆ ಹಳೇ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು. ನಿಮ್ಮ ಕಡೆ ಆಗ ಮುಂಬಯಿ ಪ್ರಾಂತ್ಯ, ಅದರಲ್ಲಿ ಎಷ್ಟು ಹುಡುಕಿದ್ರೂ ನಿಮ್ಮೂರು ಸಿಗಲ್ಲ. ನೀವು ನೋಡ್ಬೇಕಾದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ಬಾಂಬೆ ಕರ್ನಾಟಕ ಶಾಸನಗಳು ಅಂತ ಬಂದಿರೋ ಸಂಪುಟಗಳನ್ನ, 11 ಮತ್ತು 15ನೇ ಸಂಪುಟದಿಂದ ಶುರು ಮಾಡಿ. ಅದಕ್ಕೂ ಮುಂಚೆ ಅಚ್ಚಾದದ್ದು ಬೇಕಂದ್ರೆ ಬ್ರಿಟಿಷ್ ಅಧಿಕಾರಿ, ಶಾಸನ ತಜ್ಞ ಫ್ಲೀಟ್ ಓದಿ ಪ್ರಕಟಿಸಿದ್ದನ್ನ ನೋಡಿ.

ಫ್ಲೀಟ್ ಓದಿದ್ದರಲ್ಲಿ ಹಿರೇಕೆರೂರು ಕಡೆ ಅಬ್ಬಲೂರಿನ ಶಾಸನವೂ ಒಂದು, ಸುಮಾರು 1200ರ ಹೊತ್ತಿನದು, ಏಕಾಂತದ ರಾಮಯ್ಯ ಅನ್ನೋ ಶಿವಭಕ್ತನ ಬಗ್ಗೆ. ಜೈನರ ಜೊತೆ ವಾದಕ್ಕೆ ಬಿದ್ದು ತನ್ನ ತಲೆ ಕಡಿದು ಶಿವನಿಗೆ ಕೊಟ್ಟು ವಾಪಸ್ ಪಡ್ಕೊಂಡ, ಕಲಚೂರಿ ರಾಜ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಅಂತ ಆ ಶಾಸನ ಹೇಳುತ್ತೆ. ತಲೆ ವಾಪಸ್ ಬಂತಾ ಅನ್ನೋದಲ್ಲ ಇತಿಹಾಸದ ಪ್ರಶ್ನೆ. ಇದನ್ನ ಕಲ್ಲಲ್ಲಿ ಕೆತ್ತಿಸಿದವರು ಯಾರು, ಯಾವ ದೇವಸ್ಥಾನಕ್ಕೆ ಯಾವ ದತ್ತಿ ಬಂತು, ಆ ಕಾಲಕ್ಕೆ ಅಲ್ಲಿ ಜೈನರು ಶೈವರ ನಡುವೆ ಏನ್ ನಡೀತಿತ್ತು, ಇದು ಪ್ರಶ್ನೆ. ವಾಟ್ಸಾಪ್ ಇತಿಹಾಸಕ್ಕೂ ಪುಸ್ತಕದ ಇತಿಹಾಸಕ್ಕೂ ಫರಕ್ ಅಲ್ಲೇ ಇರೋದು, "ನಿಮಗೆ ಹೇಗೆ ಗೊತ್ತು" ಅಂದ್ರೆ ಪುಸ್ತಕ ಬರೆದವನು ಒಂದು ಕಲ್ಲೋ ತಾಮ್ರಪಟವೋ ತೋರಿಸ್ತಾನೆ, ನೀವು ಹೋಗಿ ನೋಡ್ಬಹುದು, ಬೇಕಾದ್ರೆ ಒಪ್ಪದೇನೂ ಇರಬಹುದು.

ಆಲೂರು ವೆಂಕಟರಾಯರ ಕರ್ನಾಟಕ ಗತವೈಭವ, 1917, ಅದನ್ನೂ ಓದಿ. ಆದ್ರೆ ಅದನ್ನ ಚಾಲುಕ್ಯರ ಬಗ್ಗೆ ತಿಳ್ಕೊಳ್ಳೋಕೆ ಅಂತ ಓದ್ಬೇಡಿ, 1917ರ ಕನ್ನಡಿಗರ ಬಗ್ಗೆ ತಿಳ್ಕೊಳ್ಳೋಕೆ ಓದಿ. ನಾಡು ಹಂಚಿ ಹೋಗಿದ್ದ ಕಾಲದಲ್ಲಿ ಜನರನ್ನ ಎಬ್ಬಿಸೋಕೆ ಬರೆದದ್ದು ಅದು, ಪ್ರತಿ ಪುಟದಲ್ಲೂ ಆ ತವಕ ಕಾಣುತ್ತೆ.

ಕೊನೇದು, ಬಿಕಾಂನವರಿಗೆ ಅಂತಾನೇ ಹೇಳ್ತಿರೋದು. ಬ್ರಿಟಿಷ್ ಅಧಿಕಾರಿ ಸೀವೆಲ್ ವಿಜಯನಗರದ ಬಗ್ಗೆ 1900ರಲ್ಲಿ ಬರೆದ ಪುಸ್ತಕದ ಹಿಂದಿನ ಭಾಗದಲ್ಲಿ ಪೇಸ್ ಮತ್ತು ನೂನಿಜ್ ಅನ್ನೋ ಇಬ್ಬರು ಪೋರ್ಚುಗೀಸರ ಬರಹದ ಅನುವಾದ ಇದೆ. ಸೀವೆಲ್ ವಾದ ಹಳೇದಾಗಿದೆ, ಅದನ್ನ ಬಿಡಿ, ಈ ಇಬ್ಬರನ್ನ ಓದಿ. ನೂನಿಜ್ ಒಂದು ಕಡೆ ಬರೀತಾನೆ, ವಿಜಯನಗರದ ರಾಜ ಸಾಳುವ ನರಸಿಂಹ ಸಮುದ್ರದಾಚೆಯಿಂದ ಬರೋ ಕುದುರೆಗಳನ್ನ ಸಾವಿರ ಪರ್ದಾವ್‌ಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಸತ್ತಿದ್ರೂ ಬದುಕಿದ್ರೂ ಕೊಳ್ತಿದ್ದ, ಹಡಗಲ್ಲೇ ಸತ್ತ ಕುದುರೆಗೆ ಬರೀ ಬಾಲ ತಂದು ತೋರಿಸಿದ್ರೂ ದುಡ್ಡು ಕೊಡ್ತಿದ್ದ ಅಂತ. ಯಾಕೆ ಹಾಗೆ ಮಾಡಿದ? ಕುದುರೆ ಸಿಗದಿದ್ರೆ ಯುದ್ಧ ಸೋಲ್ತಾನೆ, ವ್ಯಾಪಾರಿಗೆ ದಾರೀಲಿ ಕುದುರೆ ಸಾಯೋ ಭಯ ಇದ್ರೆ ಅವನು ಬರೋದೇ ಇಲ್ಲ, ಹಾಗಾಗಿ ದಾರಿಯ ನಷ್ಟ ರಾಜನೇ ತಲೆ ಮೇಲೆ ಹೊತ್ಕೊಂಡ. ಇನ್ಶೂರೆನ್ಸ್ ಚಾಪ್ಟರ್ ಓದುವಾಗ ಇದನ್ನ ನೆನಪಿಟ್ಕೊಳ್ಳಿ, ಪರೀಕ್ಷೇಲಿ ಬರಲ್ಲ, ಆದ್ರೆ ರಿಸ್ಕ್ ಅಂದ್ರೆ ಏನು ಅಂತ ಮರೆಯಲ್ಲ.

ಹಾವೇರಿ_ಬಿಕಾಂ

ಸರ್ ಅಬ್ಬಲೂರು ನಮ್ಮೂರಿಂದ ಭಾಳ ದೂರೇನಿಲ್ರಿ, ಸರ್ವಜ್ಞನ ಹೆಸರು ಕೂಡ ಆ ಕಡೆನ ಹೇಳ್ತಾರ, ಆದ್ರ ಈ ಶಾಸನದ ವಿಷಯ ಯಾರೂ ಹೇಳಿದ್ದಿಲ್ಲ. ಬಾಲ ತೋರಿಸಿದ್ರ ರೊಕ್ಕ ಅನ್ನೋದು ಕೇಳಿ ನಮ್ಮ ರೂಮ್ ತುಂಬ ನಕ್ಕೋತ ಕುಂತೀವಿ. ಆದ್ರ ಈ ಸಂಪುಟ ಎಲ್ಲಾ ರೊಕ್ಕ ಕೊಟ್ಟು ತಗೊಳ್ಳೋಕ ಆಗಂಗಿಲ್ರಿ, ಎಲ್ಲಿ ಸಿಗ್ತಾವ?

ಲೈಬ್ರರಿ_ಅಕ್ಕ

ತಮ್ಮಾ, ದುಡ್ಡು ಖರ್ಚು ಮಾಡೋಕೆ ಮುಂಚೆ ಇದನ್ನ ಓದು. ನಾನು ಕಾಲೇಜ್ ಲೈಬ್ರರಿಯನ್, ದಿನಾ ನೋಡ್ತೀನಿ, ಹುಡುಗರು ಕೌಂಟರ್‌ಗೆ ಬಂದು ಸಿಲಬಸ್ ಪುಸ್ತಕದ ಹೆಸರು ಹೇಳಿ ತಗೊಂಡು ಹೋಗ್ತಾರೆ, ಒಳಗೆ ಕಪಾಟಿನ ಹತ್ರ ಬರೋರೇ ಇಲ್ಲ. ಓಪನ್ ಆಕ್ಸೆಸ್ ಇದ್ರೆ ಒಳಗೆ ಹೋಗು, ಪುಸ್ತಕದ ಬೆನ್ನ ಮೇಲಿನ ನಂಬರ್ ನೋಡು. ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಪದ್ಧತಿ ಇರೋ ಕಡೆ ಕರ್ನಾಟಕದ ಇತಿಹಾಸ 954.87, ಕನ್ನಡ ಸಾಹಿತ್ಯ ಮತ್ತು ಅದರ ಚರಿತ್ರೆ 894.814, ಬ್ಯಾಂಕು ಹಣಕಾಸು 332, ಮ್ಯಾನೇಜ್‌ಮೆಂಟ್ 658, ಜೀವನಚರಿತ್ರೆ 920. ಆ ನಂಬರ್ ಮುಂದೆ ಅರ್ಧ ಗಂಟೆ ನಿಂತು ಒಂದೊಂದೇ ಪುಸ್ತಕ ತೆಗೆದು ಪರಿವಿಡಿ ನೋಡು. ಇಲ್ಲಿ ನಾವೆಲ್ಲ ಹೇಳೋ ಲಿಸ್ಟಿಗಿಂತ ನಿನಗೆ ಬೇಕಾದ್ದು ಅಲ್ಲೇ ಸಿಗೋ ಚಾನ್ಸ್ ಜಾಸ್ತಿ. ಹಳೇ ಸರ್ಕಾರಿ ಕಾಲೇಜುಗಳಲ್ಲಿ ವಿಶ್ವವಿದ್ಯಾಲಯದ ಪ್ರಸಾರಾಂಗದ (ಪ್ರಕಟಣೆ ವಿಭಾಗ) ಪುಸ್ತಕಗಳು ಧೂಳು ಹಿಡಿದು ಕೂತಿರ್ತವೆ, ಹೊರಗೆ ಹುಡುಕಿದ್ರೆ ಸಿಗಲ್ಲ, ಮರುಮುದ್ರಣ ಆಗಿರಲ್ಲ.

ಹಾವೇರಿ ಜಿಲ್ಲಾ ಕೇಂದ್ರ ಗ್ರಂಥಾಲಯದ ಮೆಂಬರ್ ಆಗು. ಊರಲ್ಲಿ ಪಂಚಾಯ್ತಿ ಲೈಬ್ರರಿ ಈಗ ಅರಿವು ಕೇಂದ್ರ ಅಂತ ಆಗಿದೆ, ಅಲ್ಲಿ ಏನಿದೆ ನೋಡು, ಇಲ್ಲದ ಪುಸ್ತಕದ ಹೆಸರು ಬರೆದು ಕೊಡು. ಸಂಕೋಚ ಯಾಕೆ, ನಿಮ್ಮಪ್ಪನ ಮನೆ ತೆರಿಗೆ ರಸೀದಿ ತೆಗೆದು ನೋಡು, ಕೆಳಗೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ತೆರಿಗೆಯ ನೂರಕ್ಕೆ ಆರು. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ದುಡ್ಡು ನೀವು ಕೊಟ್ಟಾಗಿದೆ, ಪುಸ್ತಕ ಕೇಳೋದಷ್ಟೇ ಬಾಕಿ.

ಶಾಸನ ಸಂಪುಟಗಳಿಗೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕು. ಹಳೇ ಕನ್ನಡ ಪುಸ್ತಕಗಳು ರಾಶಿ ಇವೆ ಅಲ್ಲಿ, ಹೆಸರನ್ನ ಕನ್ನಡದಲ್ಲೂ ಟೈಪ್ ಮಾಡು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡು, ಸ್ಪೆಲ್ಲಿಂಗ್ ಬದಲಾಯಿಸಿ ಬದಲಾಯಿಸಿ ನೋಡ್ಬೇಕು, ಸ್ಕ್ಯಾನ್ ಮಾಡಿದವರು ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ. ಕೊಂಡ್ಕೊಳ್ಳೋದಾದ್ರೆ ನವೆಂಬರ್ ತನಕ ಕಾಯಿ, ರಾಜ್ಯೋತ್ಸವಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಮತ್ತೆ ಬೇರೆ ಪ್ರಕಾಶಕರೂ ರಿಯಾಯಿತಿ ಬಿಡ್ತಾರೆ.

ಅಟ್ಟದ_ಮ್ಯಾಲಿನವ

ಸಾಹಿತ್ಯದ ಬಗ್ಗೆ ಯಾರೂ ಹೇಳವಲ್ರು ನೋಡ್ರಿ, ನಾನ ಹೇಳ್ತೀನಿ. ಧಾರವಾಡದಾಂವ, ಮಾಸ್ತರಕಿ ಮಾಡಿ ಈಗ ಮನ್ಯಾಗ ಕೂತೀನಿ.

ಸಾಹಿತ್ಯ ಚರಿತ್ರೆ ಅಂದ ಕೂಡಲೆ ಎಲ್ಲಾರೂ ಪಂಪ ರನ್ನ ಜನ್ನ ಅಂತ ಉರು ಹೊಡೀಲಿಕ್ಕೆ ಶುರು ಮಾಡ್ತಾರ. ನಿಮಗ ಎಂ.ಎ., ಕೆಸೆಟ್ ಬರಿಯೋದು ಇಲ್ಲ ಅಂದ್ರ ಹಂಗ ಮಾಡಬ್ಯಾಡ್ರಿ. ಬೇಕಾದಾಗ ತಗದು ನೋಡ್ಲಿಕ್ಕೆ ರಂ.ಶ್ರೀ. ಮುಗಳಿ ಅವರ ಕನ್ನಡ ಸಾಹಿತ್ಯ ಚರಿತ್ರೆ ಇಟ್ಕೋರಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, 1953ರದ್ದಾದ್ರೂ ಭಾಷಾ ಇನ್ನೂ ತಿಳೀತದ. ತೀನಂಶ್ರೀ ಅವರ ಭಾರತೀಯ ಕಾವ್ಯಮೀಮಾಂಸೆ ಭಾಳ ದೊಡ್ಡ ಪುಸ್ತಕ, ಖರೆ, ಆದ್ರ ರಸ ಧ್ವನಿ ಅಂತ ತಲಿ ಕೆಡಿಸ್ಕೊಳ್ಳೋದು ಆಮ್ಯಾಲ, ಮೊದಲ ನಾಕು ಕವಿತಾ ಓದಿದ ಮ್ಯಾಲ. ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆನೂ ಹಂಗ, ಅವರು ಯಾವುದರ ಬಗ್ಗೆ ಬರದಾರೋ ಅದನ್ನ ಓದಿದ್ರ ಮಜಾ ಬರ್ತದ, ಇಲ್ಲಂದ್ರ ದಿಕ್ಕು ತಪ್ಪತದ.

ನನ್ನ ಕೇಳಿದ್ರ ಡಿಗ್ರಿ ಹುಡುಗರು ಸಾಹಿತ್ಯಕ್ಕ ಆತ್ಮಕಥಿಯ ಬಾಗಲಿನಿಂದ ಒಳಗ ಬರಬೇಕು. ಯಾಕಂದ್ರ ಅಲ್ಲಿ ಚರಿತ್ರೆ, ಕೆರಿಯರ್, ಸಾಹಿತ್ಯ ಮೂರೂ ಕೂಡೇ ಇರ್ತಾವ. ಕಾರಂತರ ಹುಚ್ಚು ಮನಸ್ಸಿನ ಹತ್ತು ಮುಖಗಳು ತಗೋರಿ. ಆ ಮನುಷ್ಯ ಕಾಲೇಜು ಬಿಟ್ಟಾಂವ, ಆಮ್ಯಾಲ ಮಕ್ಕಳಿಗೆ ಬಾಲಪ್ರಪಂಚ ಅಂತ ಮೂರು ಸಂಪುಟ ಬರದಾಂವ, ವಿಜ್ಞಾನ ಪ್ರಪಂಚ ಬರದಾಂವ, ಯಕ್ಷಗಾನದ ಮ್ಯಾಲ ಬರದು ಅಕಾಡೆಮಿ ಪ್ರಶಸ್ತಿ ತಗೊಂಡಾಂವ. ಕೈಸುಟ್ಟುಕೊಂಡ ಕೆಲಸಗಳ ಬಗ್ಗೆನೂ ಮುಚ್ಚುಮರಿ ಇಲ್ಲದ ಹೇಳ್ತಾರ. ಸಿದ್ಧಲಿಂಗಯ್ಯನವರ ಊರು ಕೇರಿ ಸಣ್ಣ ಪುಸ್ತಕ, ಒಂದ ದಿನದಾಗ ಮುಗೀತದ, ನಕ್ಕೋತ ಓದ್ತೀರಿ, ನಗು ನಡುವ ನಿಂತು ಬಿಡ್ತದ. ಅರವಿಂದ ಮಾಲಗತ್ತಿ ಅವರ ಗೌರ್ಮೆಂಟ್ ಬ್ರಾಹ್ಮಣ ನಮ್ಮ ಉತ್ತರ ಕರ್ನಾಟಕದ್ದು, ನಿಮ್ಮ ಮಾತು ನಿಮಗ ಕೇಳಿಸ್ತದ. ತೇಜಸ್ವಿಯವರ ಅಣ್ಣನ ನೆನಪು ಓದಿದ್ರ ಕುವೆಂಪು ಪಠ್ಯಪುಸ್ತಕದ ಫೋಟೋದಿಂದ ಇಳಿದು ಮನಿ ಮನುಷ್ಯಾ ಆಗ್ತಾರ.

ಕಾಲೇಜು ಅಂದ್ರೇನು ಅಂತ ತಿಳೀಬೇಕಂದ್ರ ಬಿಜಿಎಲ್ ಸ್ವಾಮಿ. ಡಿವಿಜಿ ಮಗ, ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನ್ಯಾಗ ಸಸ್ಯಶಾಸ್ತ್ರ ಕಲಿಸಿದವರು. ಹಸುರು ಹೊನ್ನು ಗಿಡಮರದ ಪುಸ್ತಕ, 1978ರಾಗ ಅಕಾಡೆಮಿ ಪ್ರಶಸ್ತಿ ಬಂತು, ಅದರಾಗ ವಿದ್ಯಾರ್ಥಿಗಳ ಜೋಡಿ ಕಾಡು ಸುತ್ತಿದ್ದು, ಹುಡುಗರ ಕಿಲಾಡಿತನ, ಎಲಿಯ ಆಕಾರ, ಸಂಸ್ಕೃತ ಶ್ಲೋಕ ಎಲ್ಲಾ ಒಂದ ಪುಟದಾಗ ಬರ್ತಾವ. ಬಾಟನಿ ಗೊತ್ತಿಲ್ಲದಾಂವ ನಾನು, ಎಷ್ಟು ಸಲ ಓದೀನೋ ಲೆಕ್ಕಿಲ್ಲ. ವಿಷಯ ಗೊತ್ತಿದ್ದಾಂವ ಕನ್ನಡದಾಗ ಬರದ್ರ ಹೆಂಗಿರ್ತದ ಅಂತ ನೋಡ್ಲಿಕ್ಕೆ ಅದೊಂದು ಸಾಕು.

ರೊಕ್ಕ ಕಡಿಮಿ ಇದ್ದವರಿಗೆ ಇನ್ನೊಂದು, ಸಾಹಿತ್ಯ ಅಕಾಡೆಮಿಯವರ ಭಾರತೀಯ ಸಾಹಿತ್ಯ ನಿರ್ಮಾಪಕರು ಮಾಲೆ. ಒಬ್ಬೊಬ್ಬ ಲೇಖಕರ ಮ್ಯಾಲ ಒಂದೊಂದು ತೆಳ್ಳನ ಪುಸ್ತಕ, ಅಗ್ಗ. ಕೆಲವು ಒಣ ಅದಾವ, ಕೆಲವು ಛಲೋ ಅದಾವ, ನಿಂತು ನಾಕು ಪುಟ ಓದಿ ತಗೋರಿ.

ಪಿಗ್ಮಿ_ಭಟ್ರು

ಉಡುಪಿಯಿಂದ. ಬ್ಯಾಂಕಿನಲ್ಲಿ ಇದ್ದೆ, ಈಗ ನಿವೃತ್ತ. ಬಿಸಿನೆಸ್ ಪುಸ್ತಕ ಅಂತ ಕೇಳಿದ್ದಕ್ಕೆ ಎಂತಾದ್ರೂ ಹೇಳುವ ಅಂತ.

ಮಾರಾಯ, ರಿಚ್ ಡ್ಯಾಡ್ ಬಗ್ಗೆ ನೀನು ಹೇಳಿದ್ದು ಸರಿ ಉಂಟು. ಅದರಲ್ಲಿ ಆಸ್ತಿ ಯಾವುದು ಹೊರೆ ಯಾವುದು ಅಂತ ಹೇಳುವ ಒಂದು ಮಾತು ಒಳ್ಳೆದೇ, ಉಳಿದದ್ದು ಅದನ್ನೇ ಎಳೆದದ್ದು. ಆ ಶ್ರೀಮಂತ ಅಪ್ಪ ನಿಜವಾಗಿ ಇದ್ದನಾ ಇಲ್ಲವಾ ಅನ್ನುವುದೇ ಇವತ್ತಿಗೂ ವಿವಾದ. ಬಿಕಾಂ ಕಲಿತವನು ಅದಕ್ಕಿಂತ ಲೆಕ್ಕ ತೋರಿಸುವವರ ಪುಸ್ತಕ ಓದಬೇಕು.

ನಿಮ್ಮ ಅಮ್ಮ ಡೈರಿಗೆ ಹಾಲು ಹಾಕ್ತಾರೆ ಅಂದಿಯಲ್ಲ, ಹಾಗಾದ್ರೆ ಮೊದಲನೆಯದ್ದು ಅಮುಲ್ ಬೆಳೆಸಿದ ವರ್ಗೀಸ್ ಕುರಿಯನ್ನರ ಆತ್ಮಕಥೆ, ಐ ಟೂ ಹ್ಯಾಡ್ ಎ ಡ್ರೀಮ್. ಇಂಗ್ಲಿಷ್ ಸುಲಭ ಉಂಟು, ಹೇಳಿದ್ದನ್ನು ಬರೆದುಕೊಂಡದ್ದು, ಹಾಗಾಗಿ ಮಾತಿನ ಹಾಗೆಯೇ ಹೋಗ್ತದೆ. ಸರ್ಕಾರದ ಬಾಂಡ್ ಇತ್ತು ಅಂತ ಮನಸ್ಸಿಲ್ಲದೆ 1949ರಲ್ಲಿ ಗುಜರಾತಿನ ಆನಂದ್‌ಗೆ ಬಂದು ಬಿದ್ದ ಜನ ಅವರು. ಅಲ್ಲಿ ತ್ರಿಭುವನದಾಸ್ ಪಟೇಲ್ ರೈತರನ್ನು ಕಟ್ಟಿಕೊಂಡು ಸಂಘ ಮಾಡಿದ್ದರು. ಸಮಸ್ಯೆ ಎಂತ ಅಂದ್ರೆ ಚಳಿಗಾಲದಲ್ಲಿ ಎಮ್ಮೆ ಹಾಲು ದುಪ್ಪಟ್ಟು ಬರುವುದು, ಆಗ ಹಾಲು ಕೊಳ್ಳುವ ಬೊಂಬಾಯಿಯವರು ಅಷ್ಟು ಬೇಡ ಅನ್ನುವುದು. ಹೆಚ್ಚಿನದ್ದನ್ನು ಪುಡಿ ಮಾಡಿ ಇಡದೆ ಬೇರೆ ದಾರಿ ಇಲ್ಲ. ಎಮ್ಮೆ ಹಾಲಿನಿಂದ ಪುಡಿ ಆಗುವುದೇ ಇಲ್ಲ ಅಂತ ವಿದೇಶದ ಪರಿಣತರು ಕೈ ಎತ್ತಿದ್ದರು. ಅವರ ಗೆಳೆಯ ದಲಾಯ ಅದನ್ನು ಮಾಡಿ ತೋರಿಸಿದ, 1955ಕ್ಕೆ ಕಾರ್ಖಾನೆ ಎದ್ದಿತು. ಕನಸು ಗಿನಸು ಅಂತ ಹೆಸರಿನಲ್ಲಿ ಇದ್ದರೂ ಒಳಗೆ ಇರುವುದು ಇಂಥದ್ದೇ, ಹಾಲು ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ, ಯಾರು ಬೆಲೆ ನಿಗದಿ ಮಾಡುವುದು, ಮಂತ್ರಿಗಳ ಹತ್ರ ಹೇಗೆ ಜಗಳ ಆಡುವುದು. ತನ್ನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಿಕೊಳ್ತಾರೆ, ಅದನ್ನು ಕಳೆದು ಓದು.

ನಮ್ಮ ರಾಜ್ಯದಲ್ಲಿ 1974ರಿಂದ ಕಟ್ಟಿದ ಹಾಲಿನ ಸಂಘಗಳು ಅದೇ ಆನಂದ್ ಮಾದರಿಯವು. ಪುಸ್ತಕ ಓದಿ ಮುಗಿಸಿ ಅಮ್ಮನ ಹಾಲಿನ ಚೀಟಿ ನೋಡು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ), ದರ ಅಂತ ಇರ್ತದೆ. ಫ್ಯಾಟ್ ಮೇಲೆ ದರ ಯಾಕೆ, ಬರೀ ಲೀಟರ್ ಮೇಲೆ ಕೊಟ್ಟರೆ ಎಂತ ಆಗ್ತಿತ್ತು? ನೀರು ಹಾಕುವವನಿಗೇ ಲಾಭ ಆಗ್ತಿತ್ತು, ಅಷ್ಟೇ. ಇನ್ನೊಂದು, ಸಂಘದ ವಾರ್ಷಿಕ ಮಹಾಸಭೆಗೆ ವರದಿ ಪ್ರಿಂಟ್ ಮಾಡಿ ಹಂಚುತ್ತಾರೆ, ಲಾಭ ನಷ್ಟದ ಪಟ್ಟಿ, ಆಸ್ತಿ ಜವಾಬ್ದಾರಿ ಪಟ್ಟಿ ಎಲ್ಲ ಕನ್ನಡದಲ್ಲೇ. ಅಮ್ಮ ಸದಸ್ಯೆ ಆದರೆ ಮನೆಗೇ ಬಂದಿರ್ತದೆ, ಹೆಚ್ಚಿನ ಮನೆಯಲ್ಲಿ ಅದರಲ್ಲಿ ಒಗ್ಗರಣೆ ಸಾಮಾನು ಕಟ್ಟಿ ಇಡ್ತಾರೆ. ಅದನ್ನು ತೆಗೆದು ನಿನ್ನ ಕ್ಲಾಸಿನಲ್ಲಿ ಕಲಿತ ಬ್ಯಾಲೆನ್ಸ್ ಶೀಟ್ ಜೊತೆ ಇಟ್ಟು ನೋಡು. ಬೋನಸ್ ಎಷ್ಟು ಹಂಚಿದ್ರು, ಕಟ್ಟಡ ನಿಧಿಗೆ ಎಷ್ಟು ಹೋಯ್ತು, ಪಶು ಆಹಾರದ ವ್ಯಾಪಾರದಲ್ಲಿ ಎಷ್ಟು ಉಳಿಯಿತು. ಅದು ಅರ್ಥ ಆದ ಮೇಲೆ ದೊಡ್ಡ ಕಂಪನಿಗಳ ವಾರ್ಷಿಕ ವರದಿ ಶೇರು ಪೇಟೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗ್ತದೆ, ಅದಕ್ಕೆ ಹೋಗು.

ಎರಡನೆಯದ್ದು ನಮ್ಮ ಹಿಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಬ್ಯಾಂಕುಗಳ ಕತೆ. ಎನ್.ಕೆ. ತಿಂಗಳಾಯರು ಬರೆದದ್ದು ಉಂಟು, ಬ್ಯಾಂಕಿನವರೇ ಆದ ಕಾರಣ ಅಂಕಿ ಅಂಶ ಗಟ್ಟಿ. ಒಂದು ಜಿಲ್ಲೆಯಿಂದ ನಾಲ್ಕು ರಾಷ್ಟ್ರೀಕೃತ ಬ್ಯಾಂಕು, ಕೆನರಾ ಮತ್ತು ಕಾರ್ಪೊರೇಶನ್ ಎರಡೂ 1906, ಸಿಂಡಿಕೇಟ್ 1925, ವಿಜಯಾ 1931. ಸಿಂಡಿಕೇಟ್ ಶುರುವಾದದ್ದು 8000 ರೂಪಾಯಿ ಬಂಡವಾಳದಲ್ಲಿ, ಕೈಮಗ್ಗದವರು ಕಷ್ಟಕ್ಕೆ ಬಿದ್ದಾಗ. 1928ರಿಂದ ಪಿಗ್ಮಿ, ಏಜೆಂಟ್ ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆಯಾದರೂ ಸರಿ ಅಂತ ತಕ್ಕೊಂಡು ಬರುವುದು. ಅಷ್ಟು ಚಿಲ್ಲರೆ ದುಡ್ಡು ಒಟ್ಟು ಮಾಡ್ಲಿಕ್ಕೆ ಖರ್ಚು ಎಷ್ಟು ಬೀಳ್ತದೆ, ಆದರೂ ಯಾಕೆ ಮಾಡಿದರು, ಆ ಲೆಕ್ಕ ನೀನು ಹಾಕಿ ನೋಡಬೇಕು. ಈಗ ಆ ನಾಲ್ಕರಲ್ಲಿ ಹೆಸರು ಉಳಿದದ್ದು ಕೆನರಾ ಒಂದೇ, ಉಳಿದವು 2019, 2020ರಲ್ಲಿ ವಿಲೀನ ಆದವು. ಅದರ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ, ಬಿಪಿ ಏರ್ತದೆ.

ಕ್ಯಾಪ್ಟನ್ ಗೋಪಿನಾಥರ ಸಿಂಪ್ಲಿ ಫ್ಲೈ ಸಹ ಓದು. ಗೊರೂರಿನವರು, ಮಿಲಿಟರಿ ಬಿಟ್ಟು ಹಾಸನ ಜಿಲ್ಲೆಯಲ್ಲಿ ಕೃಷಿ ಮಾಡಿ, ರೇಷ್ಮೆ ಮಾಡಿ, ಬೈಕ್ ಡೀಲರ್‌ಶಿಪ್, ಹೋಟೆಲು ಎಲ್ಲ ಮಾಡಿ 2003ರಲ್ಲಿ ಏರ್ ಡೆಕ್ಕನ್. ಹೆಚ್ಚಿನವರಿಗೆ ವಿಮಾನದ ಭಾಗ ಇಷ್ಟ, ನನಗೆ ಕೃಷಿಯ ಅಧ್ಯಾಯಗಳೇ ಲಾಯ್ಕ. ಕಡೆಗೆ ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯ್ತು, ಹಾಗಾಗಿ ಇದನ್ನು ಬರೀ ಗೆದ್ದವನ ಕತೆ ಅಂತ ಓದಬೇಡ. ವಿಶ್ವೇಶ್ವರಯ್ಯನವರ ನೆನಪುಗಳ ಪುಸ್ತಕ, 1951ರದ್ದು, ಓದ್ತೇನೆ ಅಂದ್ರೆ ಓದು, ಸರ್ಕಾರಿ ವರದಿ ಹಾಗೆ ಒಣ ಉಂಟು. ಅವರ ಬಗ್ಗೆ ಮತ್ತು ಬೇರೆ ದಿವಾನರ ಬಗ್ಗೆ ರುಚಿಯಾಗಿ ಓದಬೇಕಾದ್ರೆ ಡಿವಿಜಿ ಜ್ಞಾಪಕ ಚಿತ್ರಶಾಲೆಯ ಮೈಸೂರಿನ ದಿವಾನರು ಸಂಪುಟ.

ಓದ್ತಾ_ಇರ್ತೀನಿ

ಎಲ್ಲರೂ ಸೆಲ್ಫ್ ಹೆಲ್ಪ್ ಮೇಲೆ ಬಿದ್ದಿದೀರ. ಶಾಸನ ಓದಿದ್ರೆ ಕೆಲಸ ಸಿಗುತ್ತಾ ಸರ್? ಹುಡುಗ ಕೆರಿಯರ್ ಬಗ್ಗೆನೂ ಕೇಳಿದಾನೆ. ನನಗಂತೂ ಅಟಾಮಿಕ್ ಹ್ಯಾಬಿಟ್ಸ್‌ನಿಂದ ಓದೋ ಅಭ್ಯಾಸ ಬಂತು, ಅದು ಸುಳ್ಳಾ?

ಸಿಎ_ಇಂಟರ್_ಪಾಸ್

ಇಬ್ಬರದೂ ಅರ್ಧ ಸರಿ ಅನ್ಸುತ್ತೆ. ನಾನು ಬೆಂಗಳೂರಲ್ಲಿ ಆಡಿಟ್ ಫರ್ಮ್ ಒಂದರಲ್ಲಿದೀನಿ, ಹೊಸ ಹುಡುಗರ ಇಂಟರ್‌ವ್ಯೂಗೆ ನಾನೂ ಕೂತ್ಕೋತೀನಿ. ಅಟಾಮಿಕ್ ಹ್ಯಾಬಿಟ್ಸ್ ಕೆಟ್ಟ ಪುಸ್ತಕ ಅಲ್ಲ, ಮಾಡಿ ನೋಡೋಕಾಗೋ ಸಣ್ಣ ವಿಷಯ ಹೇಳುತ್ತೆ, ಕೆಲಸ ಮಾಡುತ್ತಾ ಇಲ್ವಾ ಅಂತ ನಾಲ್ಕು ವಾರದಲ್ಲಿ ನಿಮಗೇ ಗೊತ್ತಾಗುತ್ತೆ. ಸೈಕಾಲಜಿ ಆಫ್ ಮನಿನೂ ಪರವಾಗಿಲ್ಲ, ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡಿ, ಕಸ ಗುಡಿಸಿ, ಸಾಯೋ ಹೊತ್ತಿಗೆ 80 ಲಕ್ಷ ಡಾಲರ್ ಬಿಟ್ಟುಹೋದ ರೊನಾಲ್ಡ್ ರೀಡ್ ಕತೆ ಅದರಲ್ಲೇ ಬರೋದು. ಆದ್ರೆ ಅಮೆರಿಕದ ಶೇರುಪೇಟೆ, ತೊಂಬತ್ತು ದಾಟಿದ ಆಯಸ್ಸು, ಇವೆರಡೂ ಆ ಲೆಕ್ಕದಲ್ಲಿ ಸೇರಿವೆ ಅನ್ನೋದು ಮರೀಬಾರ್ದು. ಥಿಂಕ್ ಅಂಡ್ ಗ್ರೋ ರಿಚ್ ಮಾತ್ರ ಬಿಡಿ. 1937ರದ್ದು, ಉಕ್ಕಿನ ಉದ್ಯಮಿ ಕಾರ್ನೆಗಿ ತನ್ನ ಗುಟ್ಟು ನನಗೆ ಹೇಳಿದ ಅಂತ ಲೇಖಕ ಹೇಳ್ಕೋತಾನೆ, ಆ ಭೇಟಿ ಆಯ್ತು ಅನ್ನೋದಕ್ಕೆ ಅವನ ಮಾತು ಬಿಟ್ಟು ಬೇರೆ ಸಾಕ್ಷಿ ಇಲ್ಲ. ಶಾಸನದವರು ಕೇಳಿದ ಪ್ರಶ್ನೆನೇ ಇಲ್ಲೂ ಕೇಳಿ, ಹೇಗೆ ಗೊತ್ತು ಅಂತ.

ಕೆರಿಯರ್‌ಗೆ ಒಂದೇ ಪುಸ್ತಕ ಹೇಳು ಅಂದ್ರೆ ಕ್ಯಾಲ್ ನ್ಯೂಪೋರ್ಟ್ 2012ರಲ್ಲಿ ಬರೆದ ಸೋ ಗುಡ್ ದೇ ಕಾಂಟ್ ಇಗ್ನೋರ್ ಯು. ಪ್ಯಾಶನ್ ಹುಡುಕು ಅನ್ನೋ ಉಪದೇಶಾನೇ ತಪ್ಪು, ಮೊದಲು ಯಾರಿಗಾದ್ರೂ ಬೇಕಾಗೋ ಕೌಶಲ ಸಂಪಾದಿಸು, ಇಷ್ಟ ಆಮೇಲೆ ಬರುತ್ತೆ ಅಂತ ವಾದ ಮಾಡ್ತಾನೆ. ಅರ್ಧ ಪುಸ್ತಕ ಓದಿದ್ರೆ ಸಾಕು, ಉಳಿದರ್ಧ ಅದೇ ಮಾತು. ಕನ್ನಡದಲ್ಲಿ ನೇಮಿಚಂದ್ರ ಅವರ ಬದುಕು ಬದಲಿಸಬಹುದು ಓದಿ, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಉಪದೇಶ ಕಮ್ಮಿ, ನಿಜವಾದ ಜನರ ಕತೆ ಜಾಸ್ತಿ.

ಇನ್ನು ಶಾಸನ ಓದಿದ್ರೆ ಕೆಲಸ ಸಿಗುತ್ತಾ ಅಂದ್ರಲ್ಲ. ಸಿಗಲ್ಲ. ಆದ್ರೆ ಇಂಟರ್‌ವ್ಯೂನಲ್ಲಿ ಹವ್ಯಾಸ ಓದುವುದು ಅಂತ ಬರೆದವರನ್ನ ಯಾವ ಪುಸ್ತಕ ಅಂತ ಕೇಳ್ತೀನಿ, ಮುಕ್ಕಾಲು ಪಾಲು ಜನ ಅದೇ ನಾಲ್ಕು ಹೆಸರು ಹೇಳ್ತಾರೆ, ಒಳಗಿನ ಒಂದು ವಿಷಯ ಹೇಳಿ ಅಂದ್ರೆ ಹೇಳಲ್ಲ. ಇವನು ಬಂದು ನಮ್ಮೂರ ಹಾಲಿನ ಸಂಘದ ಬ್ಯಾಲೆನ್ಸ್ ಶೀಟಲ್ಲಿ ಪಶು ಆಹಾರದ ಸ್ಟಾಕ್ ಇಷ್ಟಿತ್ತು, ಅದು ನನಗೆ ಜಾಸ್ತಿ ಅನ್ನಿಸ್ತು, ಯಾಕಂದ್ರೆ ಅಂತ ಮಾತು ಶುರು ಮಾಡಿದ್ರೆ ನಾನು ಮುಂದಿನ ಪ್ರಶ್ನೆ ಅದರ ಮೇಲೇ ಕೇಳ್ತೀನಿ, ರೆಸ್ಯೂಮೆ ಪಕ್ಕಕ್ಕೆ ಇಡ್ತೀನಿ.

ಓದ್ತಾ_ಇರ್ತೀನಿ

ಸರಿ ಥಿಂಕ್ ಅಂಡ್ ಗ್ರೋ ರಿಚ್ ಕ್ಯಾನ್ಸಲ್. ಆದ್ರೆ ಸೇಪಿಯನ್ಸ್ ಬಿಡಲ್ಲ.

ಕಲ್ಲು_ಓದೋನು

ಸೇಪಿಯನ್ಸ್ ಬಿಡಿ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ, ಓದಿ. ಲಕ್ಷಾಂತರ ವರ್ಷ ಒಂದೇ ಪುಸ್ತಕದಲ್ಲಿ ಹೇಳುವಾಗ ಯಾರೇ ಆದ್ರೂ ಹಾರಿ ಹಾರಿ ಹೋಗ್ಬೇಕಾಗುತ್ತೆ, ಅದನ್ನ ನೆನಪಲ್ಲಿಟ್ಕೊಂಡು ಓದಿ ಅಷ್ಟೇ. ಇತಿಹಾಸಕಾರ ಷ. ಶೆಟ್ಟರ್ ಹೆಸರು ಹೇಳೋದು ಬಿಟ್ಟುಹೋಗಿತ್ತು, ಶಂಗಂ ತಮಿಳಗಂ ಮತ್ತು ಕನ್ನಡ ನಾಡು ನುಡಿ. ಅದು ಈಗ ಬೇಡ, ಚಿದಾನಂದಮೂರ್ತಿ ಮುಗಿದ ಮೇಲೆ.

ಹಾವೇರಿ_ಬಿಕಾಂ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ರೊಕ್ಕ ಕೊಟ್ಟು ತಗೊಳ್ಳೋದು ಕುರಿಯನ್, ಊರು ಕೇರಿ, ಕಾಮತ್ ಅವರದ್ದು, ಉಳಿದ್ರ ಹಸುರು ಹೊನ್ನು. ಮುಗಳಿ, ಕಾರಂತ, ಚಿದಾನಂದಮೂರ್ತಿ ಕಾಲೇಜ್ ಲೈಬ್ರರಿಯಾಗ ಹುಡುಕ್ತೀನಿ. ಲೈಬ್ರರಿ ಅಕ್ಕ, ನಮ್ಮಲ್ಲಿ ಒಳಗ ಬಿಡಂಗಿಲ್ರಿ, ಸ್ಲಿಪ್ ಬರದು ಕೊಡ್ಬೇಕು, ಹೆಂಗ್ ಮಾಡ್ಲಿ? ಮತ್ತ ಯಾರರ ಹತ್ರ ಊರು ಕೇರಿ ಪಿಡಿಎಫ್ ಐತೇನ್ರಿ?

ಲೈಬ್ರರಿ_ಅಕ್ಕ

ಪಿಡಿಎಫ್ ಕೇಳ್ಬೇಡ ತಮ್ಮಾ, ಅದು ಅಂಗಡೀಲಿ ಸಿಗೋ ಪುಸ್ತಕ, ತೆಳ್ಳಗಿದೆ, ದುಡ್ಡು ಕೊಟ್ಟೇ ತಗೋ. ಹಕ್ಕುಸ್ವಾಮ್ಯ ಮುಗಿದ ಹಳೇದು ಎಷ್ಟು ಬೇಕಾದ್ರೂ ಡೌನ್‌ಲೋಡ್ ಮಾಡು. ಸ್ಲಿಪ್ ವಿಷಯ, ಮಧ್ಯಾಹ್ನ ರಶ್ ಇಲ್ಲದ ಹೊತ್ತಿಗೆ ಹೋಗಿ "ಮೇಡಂ 954.87 ಶೆಲ್ಫ್ ಒಂದ್ಸಲ ನೋಡ್ಬಹುದಾ" ಅಂತ ನಂಬರ್ ಹೇಳಿ ಕೇಳು. ನಂಬರ್ ಹೇಳಿ ಕೇಳೋ ಹುಡುಗನ್ನ ನಾವು ಯಾರೂ ವಾಪಸ್ ಕಳಿಸಲ್ಲ. ಆದ್ರೂ ಬಿಡದಿದ್ರೆ ಆಕ್ಸೆಷನ್ ರಿಜಿಸ್ಟರ್ ಕೇಳು, ಲೈಬ್ರರಿಗೆ ಬಂದ ಪ್ರತಿ ಪುಸ್ತಕದ ಹೆಸರು ಅದರಲ್ಲಿರುತ್ತೆ, ಅದನ್ನ ನೋಡಿ ಸ್ಲಿಪ್ ಬರಿ.

ಅಟ್ಟದ_ಮ್ಯಾಲಿನವ

ಹಸುರು ಹೊನ್ನು ಹಳೇ ಮುದ್ರಣ ನನ್ನ ಹತ್ರ ಎರಡು ಅದಾವ. ಧಾರವಾಡಕ್ಕ ಬಂದ್ರ ಮೆಸೇಜ್ ಮಾಡ್ರಿ, ಒಂದು ಕೊಡ್ತೀನಿ, ಓದಿ ವಾಪಸ್ ಕೊಡೋ ಕರಾರಿನ ಮ್ಯಾಲ. ಬೆನ್ನು ಸ್ವಲ್ಪ ಬಿಚ್ಚೇದ, ಜ್ವಾಕಿ.